ಐಡ್ಲಿಂಗ್ ಏರಿದರೆ ಸ್ಕ್ರೂ ಮುಟ್ಟಬೇಡಿ

ಹಳೆಯ ಹೋಂಡಾ ಸಿಟಿ ವಿಟೆಕ್‌ನಂಥ ಚುರುಕು ಕಾರನ್ನು ಮಾರಲು ಮನಸ್ಸು ಬಾರದೆ ಇಟ್ಟುಕೊಂಡವರು ನಮ್ಮ ಮಂಜೇಶ್ವರ, ಕುಂಬಳೆ ಕಡೆಯ ಮನೆಗಳಲ್ಲೂ ಇರಬಹುದು. ಬಿಸಿಯಾದ ಮೇಲೂ ಐಡ್ಲಿಂಗ್ ಇಳಿಯದೆ, ಸೂಜಿ 1000ಕ್ಕೂ 2000ಕ್ಕೂ ಓಲಾಡತೊಡಗಿದರೆ ಪೆಟ್ರೋಲ್ ದಂಡ. ಗೇರಿನಲ್ಲಿ ಕ್ಲಚ್ ಬಿಡುವಾಗ ಕಾರು ಮುಂದಕ್ಕೆ ಜಿಗಿಯುತ್ತದೆ, ಎದುರಿಗೆ ಮಕ್ಕಳಿದ್ದರೆ?

ಇಂಥದ್ದಕ್ಕೆ ಹೆಚ್ಚಾಗಿ ಕಾರಣ, ಎಲ್ಲಿಂದಲೋ ನುಗ್ಗುವ ಹೆಚ್ಚುವರಿ ಗಾಳಿ. ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಕ್ಕಿ ಎಂಜಿನ್ ವೇಗ ಏರುತ್ತದೆ. ಎಕ್ಸಿಲೇಟರಿನ ಮೇಲೆ ಕಾಲಿಲ್ಲ, ವೇಗ ಮಾತ್ರ ಇದೆ. ಕಾರು ಘಾಟಿ ಇಳಿಯುತ್ತಿದೆಯೆಂದು ತಿಳಿದು ಕಂಪ್ಯೂಟರ್ ಪೆಟ್ರೋಲ್ ನಿಲ್ಲಿಸುತ್ತದೆ. ವೇಗ ಇಳಿದೊಡನೆ ಮತ್ತೆ ಕೊಡುತ್ತದೆ. ಓಲಾಟದ ಗುಟ್ಟು ಇದೇ. ಸ್ಕ್ರೂ ತಿರುಗಿಸಿದರೆ ರೋಗ ಮುಚ್ಚಿಹೋದೀತು, ವಾಸಿಯಾಗದು.

ಖರ್ಚಿಲ್ಲದ್ದನ್ನು ಮೊದಲು ನೋಡೋಣ. ಎಂಜಿನ್ ಪೂರ್ತಿ ತಣಿದ ಮೇಲೆ ರೇಡಿಯೇಟರ್ ಮುಚ್ಚಳ ತೆರೆಯಿರಿ. ತಣ್ಣಗಿರುವ ಎಂಜಿನ್‌ಗೆ ಹೆಚ್ಚು ಗಾಳಿ ಕೊಡುವ ವಾಲ್ವ್ ಕೆಲವು ಹಳೆಯ ಕಾರುಗಳಲ್ಲಿ ಕೂಲೆಂಟಿನ ಬಿಸಿಯಿಂದಲೇ ಮುಚ್ಚಬೇಕು. ಕೂಲೆಂಟ್ ಕಡಿಮೆಯಾದರೆ ಅದು ತೆರೆದೇ ಇರುತ್ತದೆ. ಎಷ್ಟೋ ಸಲ ಕೂಲೆಂಟ್ ತುಂಬಿಸಿ, ಒಳಗಿನ ಗಾಳಿ ತೆಗೆದರೆ ಸಾಕು. ಎಕ್ಸಿಲೇಟರ್ ಕೇಬಲಿಗೆ ತುಸು ಸಡಿಲ ಇರಲಿ. ಬಳಿಕ ಬಿರುಕು ಬಿಟ್ಟ ರಬ್ಬರ್ ಹೋಸುಗಳು: ಹ್ಯಾಂಡ್‌ಬ್ರೇಕ್ ಹಾಕಿ, ನ್ಯೂಟ್ರಲಿನಲ್ಲಿ, ಬಯಲಲ್ಲಿ ಎಂಜಿನ್ ಓಡಿಸಿ 'ಸುಯ್' ಎಂಬ ಸದ್ದಿಗೆ ಕಿವಿಗೊಡಿ. ಮುಚ್ಚಿದ ಶೆಡ್ಡಿನಲ್ಲಿ ಬೇಡವೇ ಬೇಡ, ಹೊಗೆ ಪ್ರಾಣಕ್ಕೇ ಅಪಾಯ. ಸೋರಿಕೆ ಹುಡುಕಲು ಪೆಟ್ರೋಲ್ ಚಿಮುಕಿಸುವವರಿದ್ದಾರೆ. ಬಿಸಿ ಎಂಜಿನ್ ಮೇಲೆ ಅದು ಬೆಂಕಿಯೊಡನೆ ಆಟ.

ಇಷ್ಟಕ್ಕೂ ಸರಿಹೋಗದಿದ್ದರೆ ಐಡಲ್ ವಾಲ್ವಿನ ಕರಿ ತೊಳೆಸಿ. ಹೊಸ ಸೆನ್ಸರಿನ ಮಾತು ಆಮೇಲೆ. ಎಸಿ ಹಾಕಿದಾಗ ಮಾತ್ರ ಐಡ್ಲಿಂಗ್ ತುಸು ಏರಿದರೆ ಗ್ಯಾರೇಜಿಗೆ ಓಡಬೇಕಿಲ್ಲ, ಅದು ಇರಬೇಕಾದದ್ದೇ.