ಬಸವನಿಗೆ ಕಡಲೆಕಾಯಿ, ಪಟ್ಟಣಕ್ಕೆ ಕರೆಂಟು: ಖುಷ್ಕಿ ರೈತನಿಗೆ ಉಳಿಯುವುದೇನು?



ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುವುದು ನಿಮಗೆಲ್ಲ ತಿಳಿದ ವಿಷಯ. ಹಿಂದೆ ಈ ಭಾಗವೆಲ್ಲ ಹೊಲಗದ್ದೆಯಾಗಿತ್ತು. ಬಸವ ಬಂದು ಕಡಲೆಕಾಯಿ ಹೊಲವನ್ನು ಮೇಯುತ್ತಿದ್ದನೆಂದೂ, ಮೊದಲ ಫಸಲನ್ನು ಅವನಿಗೇ ಒಪ್ಪಿಸುವುದಾಗಿ ಸುತ್ತಲ ಹಳ್ಳಿಯ ರೈತರು ಹರಕೆ ಹೊತ್ತರೆಂದೂ ಪ್ರತೀತಿ. ಈಗ ಬಸವನಗುಡಿಯಲ್ಲಿ ಹೊಲವಿಲ್ಲ. ಆದರೂ ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ, ತುಮಕೂರು ಕಡೆಗಳಿಂದ ಮೂಟೆಗಳು ಬಂದು ಬೀಳುತ್ತವೆ. ಸೇರಿನ ಲೆಕ್ಕದಲ್ಲಿ ವ್ಯಾಪಾರ ನಡೆಯುತ್ತದೆ.

ಇತ್ತೀಚೆಗೆ ಪರಿಷೆಗೆ ಹೋಗಿದ್ದಾಗ ದೇವಸ್ಥಾನದ ಬೀದಿಯಲ್ಲಿ ರಾಶಿ ಹಾಕಿ ಕುಳಿತಿದ್ದ ಹಿರಿಯರೊಬ್ಬರನ್ನು ಮಾತನಾಡಿಸಿದೆ. ಊರು ಪಾವಗಡದ ಕಡೆ ಎಂದರು.

“ಕಾಯಿ ಗಟ್ಟಿಯಾಗಿದೆ ಯಜಮಾನ್ರೆ, ಈ ಸಲ ಮಳೆ ಚೆನ್ನಾಗಿತ್ತೆ?” ಎಂದೆ.

“ನಮ್ಮ ಹೊಲದ್ದಲ್ಲ ಸಾರ್. ಹೊಲ ಸೋಲಾರಿಗೆ ಕೊಟ್ಟಿದ್ದೀವಿ. ಇದು ಚಳ್ಳಕೆರೆ ಕಡೆಯಿಂದ ಕೊಂಡು ತಂದದ್ದು. ಪರಿಷೆ ತಪ್ಪಿಸಬಾರದು ಅಂತ ಬಂದೆ,” ಎಂದರು.

ಅವರ ಮಾತಿನಲ್ಲಿ ದೂರೇನೂ ಇರಲಿಲ್ಲ. ಗುತ್ತಿಗೆ ಹಣ ಬರುತ್ತಿದೆ, ಮಳೆಯ ಚಿಂತೆ ತಪ್ಪಿದೆ ಎಂದೇ ಹೇಳಿದರು. ಆದರೆ ಕಡಲೆಕಾಯಿ ಬೆಳೆಯುತ್ತಿದ್ದ ಮನೆತನ ಕಡಲೆಕಾಯಿ ಕೊಂಡು ಮಾರುವಂತಾದುದು ಯೋಚಿಸತಕ್ಕ ಸಂಗತಿ. ನಿಮ್ಮಲ್ಲೂ ಅನೇಕರ ಮುಂದೆ ಇಂದಲ್ಲ ನಾಳೆ ಈ ಪ್ರಶ್ನೆ ಬರಲಿದೆ. ಆದ್ದರಿಂದ ಈ ವಾರ ಅದರ ಲೆಕ್ಕವನ್ನು ಸ್ವಲ್ಪ ವಿವರವಾಗಿ ನೋಡೋಣ.

ಊರ ಮೇಲೆ ಹಾದುಹೋಗುವ ತಂತಿ

ಹಳ್ಳಿಯಲ್ಲಿ ಕರೆಂಟು ಹುಟ್ಟಿ ಬೇರೆಡೆಗೆ ಹೋಗುವುದು ನಮಗೆ ಹೊಸತಲ್ಲ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ ತಯಾರಾದಾಗ ಅದು ಮೊದಲು ಹೋದದ್ದು ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದಿತು. ತಂತಿ ಹಾದುಹೋದ ದಾರಿಯ ಹಳ್ಳಿಗಳು ಮಾತ್ರ ಎಷ್ಟೋ ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲೇ ಕಳೆದವು. ಹೆಚ್ಚು ಒತ್ತಡದ ತಂತಿಯಿಂದ ಮನೆಗಾಗಲಿ ಪಂಪಿಗಾಗಲಿ ನೇರವಾಗಿ ಕರೆಂಟು ಎಳೆಯಲಾಗದು. ಸಬ್‌ಸ್ಟೇಷನ್ನಿನಲ್ಲಿ ಒತ್ತಡ ಇಳಿಸಿದ ಮೇಲಷ್ಟೇ ಅದು ಊರಿಗೆ ಉಪಯೋಗಕ್ಕೆ ಬರುತ್ತದೆ.

ಪಾವಗಡದ ಸೌರ ಉದ್ಯಾನವೂ ಇದೇ ಬಗೆಯದು. ತುಮಕೂರು ಜಿಲ್ಲೆ ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ ಮೊದಲಾದ ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ ಇದು ಹರಡಿದೆ. ಇದರ ಸಾಮರ್ಥ್ಯ 2,050 ಮೆಗಾವಾಟ್. 2018ರ ಮಾರ್ಚ್‌ನಲ್ಲಿ ಮೊದಲ ಹಂತ ಉದ್ಘಾಟನೆಯಾಗಿ 2019ರ ಕೊನೆಗೆ ಪೂರ್ಣಗೊಂಡಿತು. ಇಲ್ಲಿಯ ವಿದ್ಯುತ್ ದೊಡ್ಡ ಸಬ್‌ಸ್ಟೇಷನ್ ಸೇರಿ ಅಲ್ಲಿಂದ ದೂರದ ಊರುಗಳಿಗೆ ಸಾಗುತ್ತದೆ.

ಈ ಯೋಜನೆಯಲ್ಲಿ ಮೆಚ್ಚತಕ್ಕ ಅಂಶವೊಂದಿದೆ. ಸರಕಾರ ಜಮೀನನ್ನು ಸ್ವಾಧೀನಪಡಿಸಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಪಹಣಿ ರೈತನ ಹೆಸರಿನಲ್ಲೇ ಉಳಿಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5ರಷ್ಟು ಏರಿಕೆ, ಅವಧಿ 28 ವರ್ಷ. ಅಣೆಕಟ್ಟಿಗೋ ಕಾರ್ಖಾನೆಗೋ ಜಮೀನು ಬಿಟ್ಟುಕೊಟ್ಟು, ಒಂದೇ ಸಲ ಬಂದ ಹಣವನ್ನು ಕಳೆದುಕೊಂಡ ಕುಟುಂಬಗಳನ್ನು ಕಂಡವರಿಗೆ ಈ ವ್ಯವಸ್ಥೆಯ ಬೆಲೆ ಗೊತ್ತು.

ಗುತ್ತಿಗೆಯ ಲೆಕ್ಕ

ಮೊದಲು ಬೆಳೆಯ ಲೆಕ್ಕ ನೋಡಿರಿ. ಮಳೆಯಾಶ್ರಯದಲ್ಲಿ ಎಕರೆಗೆ ನಾಲ್ಕು ಕ್ವಿಂಟಾಲ್ ಕಡಲೆಕಾಯಿ ಬಂದಿತೆಂದು ಇಟ್ಟುಕೊಳ್ಳಿ. 2025-26ನೇ ಸಾಲಿಗೆ ಕೇಂದ್ರ ಸರಕಾರ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 7,263 ರೂಪಾಯಿ. ಆ ಬೆಲೆ ಪೂರ್ತಿ ದೊರೆತರೂ ಒಟ್ಟು 29,052 ರೂಪಾಯಿ. ಬೀಜ, ಉಳುಮೆ, ಗೊಬ್ಬರ, ಕಳೆ, ಕೀಳುವ ಮತ್ತು ಬಿಡಿಸುವ ಕೂಲಿ ಕಳೆದರೆ ಕೈಗೆ ಉಳಿಯುವುದು ಅದರ ಒಂದು ಪಾಲು ಮಾತ್ರ. ಹೂ ಬಿಟ್ಟು ಊಡು ಇಳಿಯುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ ಬಿತ್ತಿದ ಬೀಜದ ಬೆಲೆಯೂ ಹುಟ್ಟುವುದಿಲ್ಲ. ಹಾಗಿರುವಾಗ ಬರಗಾಲದಲ್ಲೂ ನಿಲ್ಲದೆ ಬರುವ 21,000 ರೂಪಾಯಿಗೆ ರೈತ ಒಪ್ಪಿದರೆ ಅವನನ್ನು ತಪ್ಪೆನ್ನಲಾಗದು.

ಆದರೆ ಗುತ್ತಿಗೆ ಒಂದೆರಡು ವರ್ಷದ್ದಲ್ಲ, ಒಂದು ತಲೆಮಾರಿನದು. ಎರಡು ವರ್ಷಕ್ಕೆ ಶೇಕಡಾ 5 ಎಂದರೆ ವರ್ಷಕ್ಕೆ ಎರಡೂವರೆಯಷ್ಟೂ ಪೂರ್ತಿ ಇಲ್ಲ. ಬೆಲೆಯೇರಿಕೆಯನ್ನು ಶೇಕಡಾ 4ರ ಆಸುಪಾಸಿನಲ್ಲಿ ಹಿಡಿದಿಡಬೇಕೆಂಬುದೇ ರಿಸರ್ವ್ ಬ್ಯಾಂಕಿನ ಗುರಿ. ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೀಗಾಗುತ್ತದೆ:

ಹತ್ತು ವರ್ಷ ಕಳೆದಾಗ ಗುತ್ತಿಗೆ ಸುಮಾರು 26,800 ರೂಪಾಯಿ. ಮೊದಲ ವರ್ಷದ 21,000ಕ್ಕೆ ಕೊಳ್ಳುತ್ತಿದ್ದ ಸಾಮಾನನ್ನೇ ಕೊಳ್ಳಲು ಆಗ ಬೇಕಾಗುವುದು ಸುಮಾರು 31,000.

ಇಪ್ಪತ್ತೇಳನೆಯ ವರ್ಷ ಗುತ್ತಿಗೆ ಸುಮಾರು 39,600 ರೂಪಾಯಿ. ಬೇಕಾಗುವುದು ಸುಮಾರು 58,200.

ಅಂದರೆ ಕಾಗದದ ಮೇಲೆ ಹಣ ಏರುತ್ತದೆ, ಸಂತೆಯಲ್ಲಿ ಅದರ ಬಲ ಇಳಿಯುತ್ತದೆ. ಇಂದು ಮನೆ ನಡೆಸುವ ಗುತ್ತಿಗೆ ಮೊಮ್ಮಕ್ಕಳ ಕಾಲಕ್ಕೆ ಮನೆಯ ಮುಕ್ಕಾಲು ಖರ್ಚನ್ನೂ ತೂಗಿಸಲಾರದು. ಉದ್ಯಾನವನ್ನು ಇನ್ನಷ್ಟು ವಿಸ್ತರಿಸುವ ಮಾತು 2023ರಿಂದ ಸರಕಾರದ ಮಟ್ಟದಲ್ಲಿ ಕೇಳಿಬಂದಿದೆ. ಆದ್ದರಿಂದ ಹೊಸದಾಗಿ ಕರಾರು ಮಾಡಿಕೊಳ್ಳುವವರು ಈ ಒಂದು ಕಲಮಿನ ಮೇಲೆ ಗಟ್ಟಿಯಾಗಿ ನಿಲ್ಲಬೇಕು.

ಲೆಕ್ಕಕ್ಕೆ ಬಾರದವರು

ಗುತ್ತಿಗೆ ಸಿಗುವುದು ಪಹಣಿಯಲ್ಲಿ ಹೆಸರಿದ್ದವರಿಗೆ. ಹತ್ತು ಎಕರೆ ಇದ್ದವನಿಗೆ ಹತ್ತು ಪಾಲು, ಒಂದು ಎಕರೆ ಇದ್ದವನಿಗೆ ಒಂದು ಪಾಲು. ಏನೂ ಇಲ್ಲದವನಿಗೆ? ಕಡಲೆಕಾಯಿ ಕೀಳಲು, ಬಿಡಿಸಲು ಹೋಗುತ್ತಿದ್ದ ಹೆಂಗಸರಿಗೆ ಆ ಕೂಲಿ ಇಲ್ಲ. ಬೀಳು ಹೊಲದಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಬೇಲಿ ಅಡ್ಡ ಬಂದಿತು. ಫಲಕ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು ಇಂಥ ಕೆಲಸ ಕೆಲವರಿಗೆ ಸಿಕ್ಕಿದೆ, ಎಲ್ಲರಿಗೂ ಸಿಗುವಷ್ಟಿಲ್ಲ. ಕಡಲೆಕಾಯಿ ಹೊಟ್ಟು ದನಕ್ಕೆ ಮೇವಾಗುತ್ತಿತ್ತು. ಕಾಯಿ ಗಾಣಕ್ಕೂ ಮಂಡಿಗೂ ಹೋಗುತ್ತಿತ್ತು, ಗಾಡಿಯವನಿಗೆ ಬಾಡಿಗೆ ಹುಟ್ಟುತ್ತಿತ್ತು. ಒಂದು ಬೆಳೆ ಹೋದರೆ ಅದರ ಹಿಂದಿನ ಹತ್ತು ಕಸುಬು ಸೊರಗುತ್ತವೆ. ಒಂದು ಸೀಮೆಯ ಆರ್ಥಿಕತೆ ಎಂದು ದೊಡ್ಡ ಮಾತಿನಲ್ಲಿ ಹೇಳುವುದು ಇದನ್ನೇ.

ಊರಿಗೇ ಇಳಿಯುವ ಕರೆಂಟು

ಇನ್ನೊಂದು ದಾರಿಯೂ ಇದೆ. 2019ರಲ್ಲಿ ಕೇಂದ್ರ ಸರಕಾರ ಕುಸುಮ್ ಯೋಜನೆಯನ್ನು ಜಾರಿಗೆ ತಂದಿತು. ಅದರಲ್ಲಿ ಮೂರು ಭಾಗಗಳಿವೆ.

‘ಎ’ ಭಾಗದಲ್ಲಿ ಅರ್ಧ ಮೆಗಾವಾಟ್‌ನಿಂದ ಎರಡು ಮೆಗಾವಾಟ್‌ವರೆಗಿನ ಸಣ್ಣ ಘಟಕಗಳು. ಇವನ್ನು ರೈತ, ರೈತರ ಗುಂಪು, ಸಹಕಾರ ಸಂಘ, ಪಂಚಾಯಿತಿ ಅಥವಾ ರೈತ ಉತ್ಪಾದಕರ ಸಂಸ್ಥೆ ಸ್ಥಾಪಿಸಬಹುದು. ‘ಬಿ’ ಭಾಗದಲ್ಲಿ ಕರೆಂಟು ಮಾರ್ಗವಿಲ್ಲದ ಕಡೆ ಒಂಟಿ ಸೌರ ಪಂಪು. ನಮ್ಮ ರಾಜ್ಯದಲ್ಲಿ ಇದಕ್ಕೆ ಕೇಂದ್ರದಿಂದ ಶೇಕಡಾ 30, ರಾಜ್ಯದಿಂದ ಶೇಕಡಾ 50ರಷ್ಟು ಸಹಾಯಧನ ಸೇರಿ ರೈತನ ಪಾಲು ಶೇಕಡಾ 20 ಎಂದು ಗೊತ್ತಾಯಿತು. ‘ಸಿ’ ಭಾಗದಲ್ಲಿ ಪಂಪ್‌ಸೆಟ್ಟುಗಳ ಫೀಡರನ್ನೇ ಸೌರ ವಿದ್ಯುತ್ತಿಗೆ ಜೋಡಿಸುವುದು. ಗೌರಿಬಿದನೂರು ತಾಲೂಕಿನ ಹನುಮೇನಹಳ್ಳಿಯಲ್ಲಿ ಇಂಥ ಘಟಕವನ್ನು 2025ರ ಜೂನ್‌ನಲ್ಲಿ ಮುಖ್ಯಮಂತ್ರಿಗಳು ಉದ್ಘಾಟಿಸಿದರು.

ಪಾವಗಡಕ್ಕೂ ಇದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿರಿ. ಸಣ್ಣ ಘಟಕದ ಕರೆಂಟು ಹತ್ತಿರದ ಸಬ್‌ಸ್ಟೇಷನ್ನಿನಲ್ಲಿ 11 ಕೆ.ವಿ. ಮಾರ್ಗಕ್ಕೇ ಸೇರುತ್ತದೆ. ನಿಮ್ಮ ಪಂಪಿಗೆ ಬರುವುದೂ ಅದೇ ಮಾರ್ಗ. ಹುಟ್ಟಿದ ವಿದ್ಯುತ್ ಅಲ್ಲಲ್ಲೇ ಬಳಕೆಯಾಗುವುದರಿಂದ ದಾರಿಯಲ್ಲಿ ಸೋರುವುದು ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ ಇದು ಹಗಲಿನ ಕರೆಂಟು. ರಾತ್ರಿ ಎರಡು ಗಂಟೆಗೆ ಟಾರ್ಚು ಹಿಡಿದು ಹಾವು ಚೇಳಿನ ನಡುವೆ ನೀರು ಕಟ್ಟಲು ಹೋದವರಿಗೆ ಇದರ ಬೆಲೆಯನ್ನು ನಾನು ವಿವರಿಸಬೇಕಾಗಿಲ್ಲ.

ಸರಕಾರಕ್ಕೂ ಇದರಲ್ಲಿ ಲಾಭವಿದೆ. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಕರೆಂಟು ಉಚಿತ. ಇಂಥ ಪಂಪುಗಳು 30 ಲಕ್ಷಕ್ಕೂ ಮಿಕ್ಕಿವೆ. ಅದರ ಹಣವನ್ನು ಬೊಕ್ಕಸದಿಂದ ವಿದ್ಯುತ್ ಕಂಪನಿಗಳಿಗೆ ತುಂಬಿಕೊಡಬೇಕು. ಅಗ್ಗದ ಸೌರ ವಿದ್ಯುತ್ ಹತ್ತಿರದಲ್ಲೇ ದೊರೆತರೆ ಆ ಹೊರೆ ಇಳಿಯುತ್ತದೆ. ಇದನ್ನು ತಿಳಿದಿದ್ದರೆ ನೀವು ಕೈಯೊಡ್ಡುವವರಾಗಿ ಅಲ್ಲ, ಪಾಲುದಾರರಾಗಿ ಮಾತನಾಡಬಹುದು.

ನೀರಿನ ಎಚ್ಚರಿಕೆ

ಒಂದು ಅಪಾಯವನ್ನೂ ಹೇಳಲೇಬೇಕು. ಬಿಸಿಲಿಗೆ ಬಿಲ್ಲಿಲ್ಲ. ಒಂಟಿ ಸೌರ ಪಂಪು ಬೆಳಗಿನಿಂದ ಸಂಜೆಯವರೆಗೆ ಓಡಿದರೂ ಕೇಳುವವರಿಲ್ಲ. ಕೋಲಾರ, ಚಿಕ್ಕಬಳ್ಳಾಪುರದಂಥ ಜಿಲ್ಲೆಗಳಲ್ಲಿ ಅಂತರ್ಜಲ ಈಗಾಗಲೇ ಮಿತಿಮೀರಿ ಬಳಕೆಯಾಗಿದೆ. ಕೊಳವೆ ಬಾವಿ ಬತ್ತಿದ ಮೇಲೆ ಫಲಕ ಎಷ್ಟು ಹೊಳೆದರೇನು?

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ 2016ರಲ್ಲಿ ಕೆಲವೇ ರೈತರು ಸೇರಿ ಸೌರ ನೀರಾವರಿ ಸಹಕಾರ ಸಂಘ ಕಟ್ಟಿದರು. ಬೇಕಾದಷ್ಟು ನೀರೆತ್ತಿ, ಮಿಕ್ಕ ಕರೆಂಟನ್ನು ವಿದ್ಯುತ್ ಕಂಪನಿಗೆ ಮಾರಿದರು. ನೀರು ಉಳಿಸಿದಷ್ಟೂ ಹಣ ಬರುವುದರಿಂದ ಪಂಪು ನಿಲ್ಲಿಸುವುದೂ ಒಂದು ಬೆಳೆಯಂತಾಯಿತು. ನಮ್ಮಲ್ಲೂ 2014ರಲ್ಲಿ ‘ಸೂರ್ಯರೈತ’ ಎಂಬ ಯೋಜನೆ ಪ್ರಕಟವಾಗಿ ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ ಇದೇ ಪ್ರಯೋಗ ನಡೆಯಿತು. ಅಲ್ಲಿ ಮಾರಾಟದ ಹಣದ ಹೆಚ್ಚು ಪಾಲು ಸಾಲದ ಕಂತಿಗೆ ಹೋಗುವ ಏರ್ಪಾಡಿತ್ತು. ರೈತನ ಕೈಗೆ ಕಾಸು ಕಾಣದಿದ್ದರೆ ನೀರು ಉಳಿಸುವ ಮನಸ್ಸೂ ಬರುವುದಿಲ್ಲ. ಯೋಜನೆ ಮಾಡುವವರು ನೆನಪಿಡಬೇಕಾದ ಪಾಠವಿದು.

ರಸ್ತೆ ಮತ್ತು ಫೋನು

ಕರೆಂಟಿನಂತೆಯೇ ರಸ್ತೆಗೂ ಫೋನಿಗೂ ಈ ಮಾತು ಸಲ್ಲುತ್ತದೆ. 2000ದಲ್ಲಿ ಆರಂಭವಾದ ಗ್ರಾಮ ಸಡಕ್ ಯೋಜನೆಯಿಂದ ಅನೇಕ ಹಳ್ಳಿಗಳಿಗೆ ಡಾಂಬರು ಬಂದಿತು. ನಮ್ಮ ರಾಜ್ಯ 2014ರಲ್ಲಿ ಮಾರುಕಟ್ಟೆಗಳನ್ನು ಒಂದೇ ಜಾಲಕ್ಕೆ ಜೋಡಿಸಲು ಆರಂಭಿಸಿತು. 2016ರಲ್ಲಿ ಕೇಂದ್ರದ ಇ-ನಾಮ್ ಬಂದಿತು. ಆದರೆ ಹಸಿ ಕಾಯಿಯನ್ನು ಹಾಗೇ ಗಾಡಿಗೆ ಹೇರಿದರೆ ಯಾವ ಜಾಲವೂ ಒಳ್ಳೆಯ ಬೆಲೆ ಕೊಡಿಸದು. ಕಾಯಿಯನ್ನು ತೇವಾಂಶ ಶೇಕಡಾ 8ರ ಸುಮಾರಿಗೆ ಇಳಿಯುವವರೆಗೆ ಒಣಗಿಸಿ, ಜೊಳ್ಳು ತೆಗೆದು, ಹತ್ತು ಜನ ಸೇರಿ ಒಂದು ಲಾರಿ ಮಾಡಿದಾಗ ರಸ್ತೆ ನಿಮ್ಮದಾಗುತ್ತದೆ. ಇಲ್ಲದಿದ್ದರೆ ಅದೇ ರಸ್ತೆ ಪಟ್ಟಣದ ಸಾಮಾನನ್ನು ನಿಮ್ಮೂರಿಗೆ ತರುವುದಕ್ಕಷ್ಟೇ ಅನುಕೂಲ.

ಕರಾರಿಗೆ ರುಜು ಹಾಕುವ ಮುನ್ನ

1. ಜಮೀನು ಮಾರಬೇಡಿ. ಕೊಡುವುದಿದ್ದರೆ ಗುತ್ತಿಗೆಗೆ ಕೊಡಿ, ಪಹಣಿ ನಿಮ್ಮ ಹೆಸರಿನಲ್ಲಿರಲಿ.

2. ಏರಿಕೆಯ ಕಲಮನ್ನು ಓದಿಸಿಕೊಳ್ಳಿ. ವರ್ಷಕ್ಕೆ ಶೇಕಡಾ 4ಕ್ಕಿಂತ ಕಡಿಮೆಯಿದ್ದರೆ ಕಾರಣ ಕೇಳಿ.

3. ಅವಧಿ ಮುಗಿದ ಮೇಲೆ ಕಂಬ, ಕಾಂಕ್ರೀಟು ತೆಗೆದು ಹೊಲವನ್ನು ಉಳುವಂತೆ ಮಾಡಿಕೊಡುವವರು ಯಾರು ಎಂಬುದು ಬರವಣಿಗೆಯಲ್ಲಿರಲಿ.

4. ಇರುವ ಜಮೀನನ್ನೆಲ್ಲ ಕೊಡಬೇಡಿ. ಮನೆಯ ಕಾಳಿಗೆ, ದನದ ಮೇವಿಗೆ ಸ್ವಲ್ಪವಾದರೂ ಉಳಿಸಿಕೊಳ್ಳಿ. ಬೆಳೆಯಿಲ್ಲದ ಹೊಲಕ್ಕೆ ಬೆಳೆವಿಮೆಯೂ ಇಲ್ಲವೆಂಬುದು ನೆನಪಿರಲಿ.

5. ಸಬ್‌ಸ್ಟೇಷನ್ ಹತ್ತಿರವಿದ್ದರೆ ಸಣ್ಣ ಘಟಕವನ್ನು ಸಂಘದ ಮೂಲಕವೇ ಮಾಡಲಾದೀತೇ ಎಂದು ಸಹಕಾರಿ ಬ್ಯಾಂಕಿನಲ್ಲಿ, ವಿದ್ಯುತ್ ಕಂಪನಿಯಲ್ಲಿ ವಿಚಾರಿಸಿ. ಅರ್ಧ ಮೆಗಾವಾಟಿಗೆ ಸುಮಾರು ಎರಡು ಎಕರೆ ಸಾಕು, ಆದರೆ ಬಂಡವಾಳ ದೊಡ್ಡದು. ಒಬ್ಬರೇ ಮುನ್ನುಗ್ಗಬೇಡಿ. ಕುಸುಮ್ ಯೋಜನೆಯ ಅವಧಿಯನ್ನು 2026ರ ಮಾರ್ಚ್‌ವರೆಗೆ ಗೊತ್ತುಮಾಡಲಾಗಿತ್ತು. ಅರ್ಜಿ ಹಾಕುವ ಮುನ್ನ ಆಗಿನ ನಿಯಮವನ್ನು ಕೇಳಿ ತಿಳಿಯಿರಿ.

6. ಭೂಮಿಯಿಲ್ಲದವರಿಗೆ ಯಾವ ಕೆಲಸ, ಎಷ್ಟು ಜನಕ್ಕೆ ಎಂಬುದನ್ನು ಗ್ರಾಮಸಭೆಯಲ್ಲಿ ಎಲ್ಲರ ಎದುರು ಕೇಳಿ ನಡಾವಳಿಯಲ್ಲಿ ಬರೆಸಿರಿ.

ವಾಚನಾಲಯದಲ್ಲಿ ಈ ಪುಟವನ್ನು ಒಬ್ಬರು ಓದಿ ಉಳಿದವರಿಗೆ ಹೇಳಿದರೆ ಸಂತೋಷ. ಸರಕಾರದ ನೆರವನ್ನು ಬೇಡವೆನ್ನಬೇಕಾಗಿಲ್ಲ. ಆ ನೆರವು ಊರ ಮೇಲೆ ಹಾದುಹೋಗುತ್ತದೆಯೋ ಊರೊಳಕ್ಕೆ ಇಳಿಯುತ್ತದೆಯೋ ಎಂಬುದನ್ನು ಮಾತ್ರ ಪ್ರತಿ ಸಲವೂ ಕೇಳಬೇಕು. ಬರುವ ಕಾರ್ತಿಕಕ್ಕೆ ಬಸವನಗುಡಿಗೆ ಬಂದಾಗ ನಿಮ್ಮ ಮೂಟೆಯಲ್ಲಿ ನಿಮ್ಮದೇ ಹೊಲದ ಕಾಯಿ ಒಂದು ಸೇರಾದರೂ ಇರಲಿ.