‘ಬದುಕಲು ಕಲಿಯಿರಿ’ಗೆ ವಿಮರ್ಶೆಯ ಬಾಗಿಲು ತೆರೆಯಲಿ

ಕನ್ನಡದ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಮಾತು ಬಂದರೆ ಮೊದಲು ಕೇಳಿಬರುವ ಹೆಸರು ‘ಬದುಕಲು ಕಲಿಯಿರಿ’. ಬರೆದವರು ರಾಮಕೃಷ್ಣ ಸಂಘದ ಸಂನ್ಯಾಸಿ ಸ್ವಾಮಿ ಜಗದಾತ್ಮಾನಂದರು. ಕೊಡಗಿನ ಪೊನ್ನಂಪೇಟೆಯ ಆಶ್ರಮದಲ್ಲಿ ಸೇವೆ ಸಲ್ಲಿಸಿದ ಅವರು 2018ರಲ್ಲಿ ತೀರಿಕೊಂಡರು. ಎರಡು ಭಾಗಗಳ ಈ ಕೃತಿ ಮರುಮುದ್ರಣಗೊಳ್ಳುತ್ತಲೇ ಬಂದಿದೆ, ಇಂಗ್ಲಿಷ್ ಮತ್ತು ಹಿಂದಿಯಲ್ಲೂ ಓದುಗರನ್ನು ಗಳಿಸಿದೆ. ಇಷ್ಟು ಮನೆಗಳನ್ನು ಹೊಕ್ಕ ಪುಸ್ತಕದ ಬಗ್ಗೆ ನಮ್ಮ ಸಾಹಿತ್ಯ ವಿಮರ್ಶೆ ಮಾತ್ರ ಹೆಚ್ಚು ಮಾತಾಡಿಲ್ಲ.

ಇದು ಸರಿಯಲ್ಲ.

ವ್ಯಕ್ತಿತ್ವ ವಿಕಸನದ ಬರವಣಿಗೆಗೆ ಹೆಸರು ತಂದುಕೊಟ್ಟದ್ದು 1859ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಸ್ಮೈಲ್ಸ್‌ನ ‘ಸೆಲ್ಫ್ ಹೆಲ್ಪ್’. 1936ರಲ್ಲಿ ಡೇಲ್ ಕಾರ್ನೆಗಿ ತನ್ನ ಪುಸ್ತಕದಲ್ಲಿ ಜನರನ್ನು ಒಲಿಸಿಕೊಳ್ಳುವ ಬಗೆಯನ್ನು ಹೇಳಿಕೊಟ್ಟ. ತೆಲುಗಿನ ಯಂಡಮೂರಿ ವೀರೇಂದ್ರನಾಥರ ‘ವಿಜಯಕ್ಕೆ ಐದು ಮೆಟ್ಟಿಲು’ ಕನ್ನಡದಲ್ಲೂ ಮನೆಮಾತಾಯಿತು. ಗೆಲುವಿನ ಹಂಬಲ ಇಲ್ಲೆಲ್ಲ ಎದ್ದು ಕಾಣುತ್ತದೆ. ಜಗದಾತ್ಮಾನಂದರು ಅಷ್ಟಕ್ಕೇ ನಿಲ್ಲುವುದಿಲ್ಲ. ಆತ್ಮವಿಶ್ವಾಸ, ಏಕಾಗ್ರತೆ, ಶ್ರದ್ಧೆಯ ದುಡಿಮೆಗಳನ್ನು ಕಥೆ, ದೃಷ್ಟಾಂತ, ಸಾಧಕರ ಬದುಕಿನ ಪ್ರಸಂಗಗಳ ಮೂಲಕ ವಿವರಿಸುತ್ತಾರೆ. ಗಳಿಸಿದ ಬಲ ಇನ್ನೊಬ್ಬರ ನೆರವಿಗೆ ಒದಗಬೇಕೆಂಬ ವಿವೇಕಾನಂದರ ನಿಲುವೇ ಈ ಕೃತಿಯ ಅಡಿಪಾಯ. ಸರಳ ಗದ್ಯದಲ್ಲಿ ಇಷ್ಟನ್ನು ಸಾಧಿಸುವುದು ಸಣ್ಣ ಮಾತಲ್ಲ.

ಹಾಗೆಂದು ಕಣ್ಣುಮುಚ್ಚಿ ಓದಬೇಕಿಲ್ಲ. ಕರ್ಮ, ಪುನರ್ಜನ್ಮಗಳ ಕುರಿತ ಅದರ ವಾದವನ್ನು ಒಪ್ಪದೆಯೂ ಪುಸ್ತಕವನ್ನು ಮೆಚ್ಚಬಹುದು. ಇನ್ನೊಂದು ಪ್ರಶ್ನೆ ಇದಕ್ಕಿಂತ ಗಟ್ಟಿಯಾದುದು: ಬೆಳೆ ಕೈಕೊಟ್ಟು ಸಾಲಕ್ಕೆ ಸಿಲುಕಿದ ಮನೆಯ ಹುಡುಗಿಗೆ ಮನೋಬಲವೊಂದೇ ಸಾಕೇ?

ಸಾಲದು. ಮನೋಬಲದ ಜೊತೆಗೆ ಇನ್ನೇನು ಬೇಕೆಂದು ತಿಳಿಯಲು ಮೇಲುಕೋಟೆಯನ್ನು ನೋಡಬೇಕು. ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿ 1960ರಲ್ಲಿ ಇಲ್ಲಿ ಜನಪದ ಸೇವಾ ಟ್ರಸ್ಟ್ ಕಟ್ಟಿದರು. ಮಕ್ಕಳಿಗೆ ಆಸರೆ, ಖಾದಿ ನೇಯ್ಗೆಯಿಂದ ಊರವರ ಕೈಗೆ ಕೆಲಸ, ಇವು ಅವರ ದಾರಿ. ಗಾಂಧಿ ಹೇಳಿದ ಸ್ವಾವಲಂಬನೆ ನಾಲ್ಕು ಜನ ಸೇರಿ ಕಟ್ಟಿಕೊಳ್ಳುವಂಥದ್ದು. ಪುಸ್ತಕ ಎಬ್ಬಿಸಿದ ಹುರುಪಿಗೆ ನೆಲೆ ಸಿಗುವುದು ಇಂಥ ಕಡೆ.

ಆದ್ದರಿಂದ ಒಂದು ಕೋರಿಕೆ. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ‘ಬದುಕಲು ಕಲಿಯಿರಿ’ಯನ್ನು ಗಂಭೀರ ಅಧ್ಯಯನಕ್ಕೆ ಎತ್ತಿಕೊಳ್ಳಲಿ. ಅದರ ಭಾಷೆ, ವಾದ, ಮಿತಿ ಎಲ್ಲವೂ ಚರ್ಚೆಯಾಗಲಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲೂ ಅದು ಹುಡುಗ ಹುಡುಗಿಯರ ಕೈಗೆ ಸಿಗುವಂತಾಗಲಿ.