ಹಬೆಯ ಗೇಜು ಯಾರ ಹೊಣೆ?

1923ರ ಬಾಯ್ಲರ್ ಕಾಯಿದೆ ಹೋಗಿ 2025ರ ಹೊಸ ಕಾಯಿದೆ ಬಂದಿದೆ. ಆದರೆ 25 ಲೀಟರಿಗಿಂತ ಚಿಕ್ಕ ಪಾತ್ರೆಗಳು, ಚದರ ಸೆಂಟಿಮೀಟರಿಗೆ 1 ಕಿಲೋಗ್ರಾಮಿಗಿಂತ ಕಡಿಮೆ ಒತ್ತಡದವು, ಹಿಂದಿನಂತೆಯೇ ಅದರ ಹೊರಗಿವೆ. ಹೈದರಾಬಾದಿನ ನಮ್ಮ ಹೋಟೆಲುಗಳ ಇಡ್ಲಿ ಬಾಯ್ಲರು ಈ ಲೆಕ್ಕಕ್ಕೆ ಸೇರಿತೆಂದರೆ ಇನ್‌ಸ್ಪೆಕ್ಟರು ಅದನ್ನು ನೋಡುವುದಿಲ್ಲ. ಅದರ ಮುಂದೆ ನಿಲ್ಲುವವರು ಕೌಂಟರಿನವರಲ್ಲ, ನಾವು. ಗೇಜಿನ ವಿಷಯದಲ್ಲಿ ನಾವು ಸುಮ್ಮನಿರಬಾರದು.

ಅಗ್ಗಕ್ಕೆ ಸಿಕ್ಕಿತೆಂದು ಮಾಲಿಕರು 20 ಕಿಲೋ ಅಳೆಯುವ ಗೇಜು ತಂದರೆ, ಅರ್ಧ ಕಿಲೋ ಹಬೆಗೆ ಅದರ ಮುಳ್ಳು ಅಲುಗಿದ್ದೇ ಕಾಣದು. ದಿನನಿತ್ಯದ ಒತ್ತಡಕ್ಕೆ ಮುಳ್ಳು ನಡುಮಧ್ಯಕ್ಕೆ ಬರುವಂಥ ಗೇಜು ಬೇಕು. ಮೀರಬಾರದ ಮಟ್ಟಕ್ಕೆ ಕೆಂಪು ಗೆರೆ ಬೇಕು. ಗೇಜಿನ ಕೆಳಗಿನ ಬಾಗಿದ ಕೊಳವೆಯಲ್ಲಿ ನೀರು ನಿಂತು, ಸುಡುವ ಹಬೆಯನ್ನು ತಡೆಯುತ್ತದೆ. ಅದನ್ನು ದಂಡವೆಂದು ಕಿತ್ತರೆ ಗೇಜು ಕೆಡುತ್ತದೆ. ಒಲೆ ಆರಿ ಹಬೆ ಇಳಿದರೂ ಮುಳ್ಳು ಸೊನ್ನೆಗೆ ಬಾರದಿದ್ದರೆ ನಂಬಬೇಡಿ.

ಮಿಲ್ಲುಗಳಲ್ಲಿ ಈಗ ವಿದ್ಯುತ್ ಸೆನ್ಸರುಗಳಿವೆ. ಹಲವು ಸೆನ್ಸರುಗಳು ಒತ್ತಡ ಸೊನ್ನೆಯಿದ್ದಾಗಲೂ 4 ಮಿಲಿಆಂಪಿಯರ್ ಕಳಿಸುತ್ತವೆ. ಏನೂ ಬಾರದಿದ್ದರೆ ತಂತಿ ಹರಿದಿದೆಯೆಂದು ಗಂಟೆ ಹೊಡೆಸಬಹುದು. ಆ ಗಂಟೆಯನ್ನೇ ಕಿರಿಕಿರಿಯೆಂದು ನಿಲ್ಲಿಸುವ ಮಹನೀಯರಿಗೆ ಏನು ಹೇಳೋಣ!

ಹೊಸ ಗೇಜು ಕೇಳಲು ಒಬ್ಬರೇ ಹೋಗಬೇಡಿ. ಪಾಳಿಯವರೆಲ್ಲ ಸಹಿ ಹಾಕಿ, ಬರೆದು ಕೊಡಿ.